ಅಳೆದವರ ಕೈ ಎಷ್ಟುದ್ದ?

ಬೆಳಗಿನ ಆರೂವರೆ. ಕೊಟ್ಟಿಗೆಹಾರದ ರಸ್ತೆಯ ಮೇಲಿಂದ ಮಂಜು ಇನ್ನೂ ಎದ್ದಿಲ್ಲ. ಯಶೋದಾ ಮಾತ್ರ ಆಗಲೇ ಹಾರ್ಡ್‌ವೇರ್ ಅಂಗಡಿಯ ಷಟರ್ ಎತ್ತಿ, ಕಪ್ಪು ಪೈಪಿನ ಸುರುಳಿಯೊಂದನ್ನು ಉರುಳಿಸಿಕೊಂಡು ಬರುತ್ತಿದ್ದಾರೆ. ಪೈಪು, ಹಗ್ಗ, ತಂತಿ, ಕಾಫಿ ಒಣಗಿಸುವ ಟಾರ್ಪಾಲು, ಹೀಗೆ ಉದ್ದದ ಲೆಕ್ಕದಲ್ಲಿ ಮಾರುವುದೆಲ್ಲ ಇವರ ಸುಪರ್ದಿ. ಕ್ಯಾಲ್ಕುಲೇಟರ್ ಒಂದಿದೆ, ಪಾಪ, ಧೂಳು ತಿನ್ನುತ್ತಾ ಮೂಲೆಯಲ್ಲಿ ಬಿದ್ದಿದೆ.

ಮೊದಲ ಗಿರಾಕಿ ಎರಡೆಕರೆ ಕಾಫಿಯ ಕೃಷ್ಣಪ್ಪ, ಆರಡಿ ಆಳು. ಗುಡ್ಡದ ಒರತೆಯಿಂದ ಮನೆಯಂಗಳಕ್ಕೆ ನೀರು ತರಲು ಅರವತ್ತು ಮಾರು ಪೈಪು ಬೇಕಂತೆ. ಎರಡೂ ಕೈ ಚಾಚಿದರೆ ಒಂದು ಮಾರು. ಟೇಪು ಹಿಡಿದು ಗುಡ್ಡ ಹತ್ತುವವರು ಇಲ್ಲಿ ಕಡಿಮೆ. ಹಗ್ಗ ಎಳೆದು ಮಾರು ಹಾಕಿದರೆ ಮುಗಿಯಿತು. ಬೇರೆ ಅಂಗಡಿಯವರು ಮಾರಿಗೆ ಆರಡಿ ಹಿಡಿದು ಕತ್ತರಿಸಿ ಕೊಟ್ಟುಬಿಡುತ್ತಾರೆ. ಯಶೋದಾ ಮಾತ್ರ ಕೇಳುತ್ತಾರೆ:

"ಅಳೆದೋರು ಯಾರು ಮಾರಾಯ್ರೆ?"

ಹೆಂಡತಿ ತಿಮ್ಮಮ್ಮ ಅಂತೆ. ಎಷ್ಟೆತ್ತರ ಎಂದರೆ ಕೃಷ್ಣಪ್ಪ ತಮ್ಮ ಭುಜ ಮುಟ್ಟಿ ತೋರಿಸುತ್ತಾರೆ. ಅಂದರೆ ಐದಡಿ. ಮನುಷ್ಯರ ಎತ್ತರವೂ ಮಾರೂ ಹೆಚ್ಚುಕಡಿಮೆ ಒಂದೇ ಎಂಬುದು ಯಶೋದಾ ಈ ಅಂಗಡಿಯ ಹದಿನೆಂಟು ವರ್ಷದ ಕೆಲಸದಲ್ಲಿ ಕಂಡುಕೊಂಡದ್ದು. ಆರಡಿಗೆ ಹಿಡಿದರೆ ನೂರಹತ್ತು ಮೀಟರ್, ಮೀಟರಿಗೆ ಮೂವತ್ತರಂತೆ ಮೂರು ಸಾವಿರದ ಮುನ್ನೂರು. ಐದಡಿಗೆ ತೊಂಬತ್ತೆರಡು ಮೀಟರ್ ಸಾಕು, ಎರಡು ಸಾವಿರದ ಏಳುನೂರ ಅರವತ್ತು. ಕೃಷ್ಣಪ್ಪ ಕಣ್ಣು ಮಿಟುಕಿಸುವಷ್ಟರಲ್ಲಿ ಬಾಯಲ್ಲೇ ಲೆಕ್ಕ ಬಂತು.

ಎಸ್ಟೇಟಿನಲ್ಲಿ ಕಳೆ ತೆಗೆಯುತ್ತಿದ್ದ ಯಶೋದಾ ಈ ಅಂಗಡಿಗೆ ಬಂದ ಹೊಸತರಲ್ಲಿ ತಾವೂ ಎಲ್ಲರಂತೆ ಆರಡಿಯನ್ನೇ ಹಿಡಿಯುತ್ತಿದ್ದರು. ಗಿಡ್ಡ ಆಳು ಹುಚ್ಚಮ್ಮನಿಗೆ ಹಾಗೆ ಕೊಟ್ಟ ಪೈಪು ಹದಿನೈದು ಮೀಟರ್ ಹೆಚ್ಚಾಗಿ, ಅವರ ಮನೆಯ ಬೇಲಿ ಮೇಲೆ ಸುಮ್ಮನೆ ಬಿತ್ತು. ಕತ್ತರಿಸಿದ ಮಾಲು ವಾಪಸಿಲ್ಲ. "ಒಂದ್ ಮಾತು ಬೈಲಿಲ್ಲ ಅವ್ರು. ಬೈದಿದ್ರೆ ಮರ್ತು ಬಿಡ್ತಿದ್ದೆ. ಅವ್ರ ಕೂಲಿ ದುಡ್ಡು ಬೇಲಿ ಮೇಲೆ ನೇತಾಡ್ತಿತ್ತು" ಎನ್ನುವಾಗ ಈಗಲೂ ಅವರ ದನಿ ಇಳಿಯುತ್ತದೆ.

ಆದರೆ ಕೃಷ್ಣಪ್ಪನಿಗೆ ಅನುಮಾನ. ಹೆಂಗಸರ ಅಳತೆ ನೆಚ್ಚಿಕೊಳ್ಳುವುದು ಹೇಗೆ, ಆರಡಿಯೇ ಹಿಡಿಯಿರಿ ಎಂದು ಪಟ್ಟು ಹಿಡಿಯುತ್ತಾರೆ. ಯಶೋದಾಗೆ ಸಿಟ್ಟು ಬಂದದ್ದು ಮುಖದಲ್ಲೇ ಕಾಣುತ್ತದೆ.

"ಅಳೆದೋರು ಅವ್ರು, ಲೆಕ್ಕ ನಂದು. ಕಡ್ಮೆ ಬಿದ್ರೆ ಬಿದ್ದಷ್ಟು ಪೈಪು ನನ್ ಸಂಬ್ಳದಲ್ಲಿ" ಎಂದವರೇ ತೊಂಬತ್ತೆರಡಕ್ಕೆ ಗರಗಸ ಇಟ್ಟೇಬಿಟ್ಟರು.

ಆಮೇಲೆ ಇಡೀ ದಿನ ಅವರಿಗೆ ಸಮಾಧಾನವಿಲ್ಲ. ಇಪ್ಪತ್ತಮೂರು ಗಿರಾಕಿಗಳಿಗೆ ಅಳೆದು ಕೊಡುತ್ತಲೇ ಫೋನಿನ ಕಡೆ ಕಣ್ಣು. ಕಡಿಮೆ ಬಿದ್ದರೆ ಹೋಗುವುದು ತಮ್ಮ ಮಾತಷ್ಟೇ ಅಲ್ಲ, ಕಂಡಿರದ ತಿಮ್ಮಮ್ಮನ ಮಾನವೂ ಹೋಗುತ್ತದಲ್ಲ.

ನಾಲ್ಕು ಗಂಟೆಗೆ ಕೃಷ್ಣಪ್ಪನ ಫೋನು. ನೀರು ಅಂಗಳಕ್ಕೆ ಬಂದಿದೆ. ಪೈಪು ಸುಮಾರು ಒಂದು ಮೊಳ ಮಿಕ್ಕಿದೆ. ನಿಮ್ಮ ಲೆಕ್ಕ ಭಾರಿ ಲೆಕ್ಕ ಅಕ್ಕ ಎಂದು ಅವರು ಹೊಗಳುತ್ತಿರುವಾಗಲೇ ಯಶೋದಾ ತಡೆಯುತ್ತಾರೆ.

"ನಂಗೆ ಹೇಳ್ಬೇಡಿ. ಒಳಗ್ ಹೋಗಿ ತಿಮ್ಮಮ್ಮಂಗೆ ಹೇಳಿ. ನಾನು ಫೋನ್ ಹಿಡ್ಕೊಂಡೇ ಇರ್ತೀನಿ."