ಶರೀಫಾಬಿಯ ಬಿಳಿ ಪುಡಿ

ಶರೀಫಾಬಿಯ ಮನೆ ಮುಂದೆ ರಂಗೋಲಿ ಹಾಕುವ ಪದ್ಧತಿ ಇರಲಿಲ್ಲ. ಆದರೆ ಘತ್ತರಗಿ ಊರಿನ ಹೊಸ್ತಿಲುಗಳ ಬಿಳುಪೆಲ್ಲ ಅವಳದೇ. ಗಂಡ ಸತ್ತ ಮೇಲೆ ಹಿಡಿದ ಕಸುಬು: ಭೀಮಾ ನದಿ ದಂಡೆಯ ಬೆಣಚುಕಲ್ಲು ಆಯ್ದು ತಂದು, ಅಂಗಳದ ಒರಳಲ್ಲಿ ಕುಟ್ಟಿ, ಅರಿವೆಯಲ್ಲಿ ಸೋಸಿ, ಆ ರಂಗೋಲಿ ಪುಡಿಯನ್ನು ಜೋಳಕ್ಕೆ ಮಾರುವುದು. ಉಳಿದ ತರಿ ಪಾತ್ರೆ ತಿಕ್ಕಲು ಹೋಗುತ್ತಿತ್ತು.

ಕುಟ್ಟುವುದು ರಟ್ಟೆ ಮುರಿಯುವ ಕೆಲಸ. ಇದ್ದೊಬ್ಬ ಮಗಳು ಕರೀಮುನ್ನಿಸಾಳಿಗೆ ಅವಳು ಒನಕೆ ಮುಟ್ಟಗೊಡಲಿಲ್ಲ. ಹನ್ನೆರಡರ ಹುಡುಗಿಯನ್ನು ಒಳಗೆ ಸೋಸಲು ಕೂರಿಸಿದಳು. ಗೌಡರ ಮನೆಯ ಗೌರಾಬಾಯಿಗೆ ಬೆರಳಸಂದಿಯಲ್ಲಿ ಹಿಟ್ಟಿನಂತೆ ಜಾರುವ ಪುಡಿಯೇ ಬೇಕು. ಅಂಥ ನುಣ್ಣನೆಯದು ಗಾಳಿಗೆ ಹಾರಿಹೋದೀತೆಂದು ಶರೀಫಾಬಿ ಬಾಗಿಲು ಮುಚ್ಚಿ, ಕಿಟಕಿಗೆ ಗೋಣಿಚೀಲ ತುರುಕುತ್ತಿದ್ದಳು.

ಎಂಬತ್ತೈದನೇ ಇಸವಿಯಲ್ಲಿ, ಹತ್ತೊಂಬತ್ತರ ಹುಡುಗಿ ಒಂದು ಕೊಡ ನೀರು ತರಲು ಮೂರು ಕಡೆ ಕೂತು ಸುಧಾರಿಸಿಕೊಳ್ಳತೊಡಗಿದಳು. ಅಫಜಲಪುರದ ಡಾಕ್ಟರು ಕ್ಷಯವೆಂದರು. ಒಂದೂವರೆ ವರ್ಷ ಗುಳಿಗೆ ನುಂಗಿದ್ದಾಯಿತು. ದರ್ಗಾದ ದಾರವೂ ಆಯಿತು, ಊರದೇವಿ ಭಾಗ್ಯವಂತಿಗೆ ಹರಕೆಯೂ ಆಯಿತು. ಹುಡುಗಿ ಸೊರಗಿ ಕಡ್ಡಿಯಾದಳು.

ಕೊನೆಗೆ ಗುಲಬರ್ಗಾದ ಮುದಿ ಡಾಕ್ಟರೊಬ್ಬರು ಎಕ್ಸರೇ ಹಿಡಿದು ನೋಡಿ, ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಅಷ್ಟು ದಿನ ಯಾರೂ ಕೇಳದ ಮಾತು. ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತೋ.

ಶರೀಫಾಬಿ ಹೇಳಿದಳು. ಅವರು ಎಕ್ಸರೇ ಕೆಳಗಿಟ್ಟರು.

"ಹೊಳಿ ಉಸುಕು, ಈ ಕಿಟಕಿ ಗಾಜು, ನಿನ್ನ ರಂಗೋಲಿ, ಎಲ್ಲಾ ಒಂದೇ ಕಲ್ಲಿನ ಜಾತಿ ಅವ್ವಾ. ದಪ್ಪ ಧೂಳಿ ಮೂಗಿನಾಗೇ ನಿಲ್ತದ. ಸಣ್ಣಂದು ಎದಿಯೊಳಗಿನ ಪುಪ್ಪುಸಕ್ಕ ಇಳೀತದ, ಹೊರಗ ಬರಂಗಿಲ್ಲ. ಇದಕ್ಕ ಔಷಧ ಇಲ್ಲ."

"ಕಲ್ಲು ಕುಟ್ಟಾಕಿ ನಾನ್ರಿ ಸಾಹೇಬ್ರ. ಆಕಿ ಬರೇ ಸೋಸ್ತಿದ್ಳು."

"ಸೋಸೂದರಾಗೇ ಸಣ್ಣ ಧೂಳಿ ಹೆಚ್ಚು" ಎಂದ ಡಾಕ್ಟರು ಅವಳ ಮುಖ ನೋಡಲಿಲ್ಲ.

ಶ್ರಾವಣಕ್ಕೆ ಮೊದಲೇ ಕರೀಮುನ್ನಿಸಾ ಮಣ್ಣಿಗೆ ಸೇರಿದಳು. ಶರೀಫಾಬಿ ಕಿಟಕಿಯ ಗೋಣಿಚೀಲ ಕಿತ್ತೆಸೆದಳು, ಒರಳನ್ನು ಬೋರಲು ಹಾಕಿದಳು. ಆ ವರ್ಷ ಪಂಚಮಿಗೆ ಊರಿನ ಅಂಗಳಗಳು ಬರಿದಾಗಿದ್ದವು. ಮಾತಾಡಿಸಿಕೊಂಡು ಹೋಗಲು ಬಂದ ಗೌರಾಬಾಯಿ ಪುಡಿಯ ಸುದ್ದಿ ಎತ್ತಲಿಲ್ಲ. ಪಕ್ಕದಲ್ಲಿ ಕುಳಿತು, ನೀನು ಮಗಳನ್ನು ಹೂವಿನಂತೆ ಸಾಕಿದ್ದೆ, ನಿನ್ನದೇನೂ ತಪ್ಪಿಲ್ಲ ಎಂದು ಕೈ ಹಿಡಿದುಕೊಂಡಳು.

ಶರೀಫಾಬಿ ಆ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಹೌದ್ರಿ ಬಾಯಾರ, ಹಗುರ ಕೆಲಸಾನೇ ಕೊಟ್ಟಿದ್ನಿ."