ಅಪ್ಪಿಯಕ್ಕ ಚೆಲ್ಲಿಸಿದ ಕಹಿ ನೀರು

ಮೊನ್ನೆ ಭಾನುವಾರ ನಮ್ಮ ಮನೆಯಲ್ಲಿ ಆದ ಕೆಲಸಗಳು ಇಷ್ಟು. ಹಟ್ಟಿಯ ಸಗಣಿ ತೆಗೆದದ್ದು. ಸೋರುವ ಕಡೆ ಹಂಚು ಸರಿಸಿ ಕೂರಿಸಿದ್ದು (ಕೂರಿಸಿದವರು ನಮ್ಮ ಮನೆಯವರು, ಏಣಿ ಹಿಡಿದವಳು ನಾನು). ಒದ್ದೆ ಸೌದೆಯನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದ್ದು. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದ್ದು. ಇವರ ಆಫೀಸಿನ ಕೊಡೆಗೆ ತೇಪೆ ಹಾಕಿದ್ದು. ಗಂಜಿಗೆ ನೀರಿಟ್ಟದ್ದು. ಆಮೇಲೆ, ಹನ್ನೊಂದು ಗಂಟೆಯ ಹೊತ್ತಿಗೆ, ಮಾವಿನಕಾಯಿಯ ಭರಣಿಯ ಬಾಯಿ ಬಿಚ್ಚಿದ್ದು.

ಆ ಕೊನೆಯ ಕೆಲಸಕ್ಕೆ ಮೊದಲು ನಾನು ದೇವರಿಗೆ ಒಂದು ತೆಂಗಿನಕಾಯಿ ಹರಕೆ ಹೇಳಿಕೊಂಡೆ.

ಉಪ್ಪಿನಲ್ಲಿ ಹಾಕಿದ ಮಾವಿನಕಾಯಿಗೆ ಯಾರಾದರೂ ಹರಕೆ ಹೇಳುತ್ತಾರೆಯೇ ಎಂದು ಘಟ್ಟದ ಮೇಲಿನ ಓದುಗರು ಕೇಳಬಹುದು. ನಮ್ಮವರು ಕೇಳುವುದಿಲ್ಲ. ಮಳೆ ಹಿಡಿದರೆ ದೋಣಿ ಕಡಲಿಗೆ ಇಳಿಯುವುದಿಲ್ಲ. ಮೀನಿಲ್ಲ. ಗಂಜಿಯ ಬಟ್ಟಲಿನ ಪಕ್ಕದಲ್ಲಿ ಏನಾದರೂ ಇರಬೇಕಾದರೆ ಅದು ಆ ಭರಣಿಯಿಂದಲೇ ಬರಬೇಕು. ಅದು ಕೆಟ್ಟರೆ ಬೋಳಾರದ ಈ ನಮ್ಮ ಮನೆಯಲ್ಲಿ ಮೂರು ತಿಂಗಳು ಏನು ನೆಕ್ಕಿಕೊಳ್ಳುವುದು, ಸರಕಾರದ ಗೆಜೆಟ್ಟನ್ನೇ?

ಅಲ್ಲದೆ, ಈ ಸಲದ ಭರಣಿಯಲ್ಲಿ ಮಾವಿನಕಾಯಿಯ ಜೊತೆ ಇನ್ನೊಂದು ಇತ್ತು. ನಮ್ಮ ಮನೆಯವರ ಮಾನ.

ಕಳೆದ ವರ್ಷ ಊರಿನ ಎಷ್ಟೋ ಜನ ಕಡಲ ತೀರಕ್ಕೆ ಹೋಗಿ ಉಪ್ಪು ನೀರು ಕುದಿಸಿ, ಪೆಟ್ಟು ತಿಂದು, ಜೈಲಿಗೆ ಹೋದದ್ದು ನಿಮಗೆ ಗೊತ್ತುಂಟು. ಇವರು ಹೋಗಲಿಲ್ಲ. ಇವರು ಬಂದರಿನಲ್ಲಿ ಒಂದು ಬಿಳಿಯರ ಕಂಪೆನಿಯ ಗುಮಾಸ್ತರು. ಹೋದರೆ ಕೆಲಸ ಹೋಗುತ್ತಿತ್ತು. ನಾನೂ ‘ಹೋಗಿ’ ಎನ್ನಲಿಲ್ಲ. ಆ ದಿನಗಳಲ್ಲಿ ಸಂಜೆ ಮನೆಗೆ ಬಂದವರು ಅಂಗಳದಲ್ಲಿ ತಲೆ ತಗ್ಗಿಸಿ ಕಾಲು ತೊಳೆಯುತ್ತಿದ್ದರು. ತುಂಬ ಹೊತ್ತು ತೊಳೆಯುತ್ತಿದ್ದರು. ಅಷ್ಟು ಕೆಸರು ಬಂದರಿನಲ್ಲಿಯೂ ಇರಲಿಲ್ಲ.

ಈ ವರ್ಷ ಸರಕಾರಕ್ಕೂ ಚಳವಳಿಯವರಿಗೂ ಒಪ್ಪಂದವಾಯಿತು. ಕಡಲ ಬದಿಯ ಹಳ್ಳಿಯವರು ತಮ್ಮ ಮನೆಗೆ ಬೇಕಾದಷ್ಟು ಉಪ್ಪು ಮಾಡಿಕೊಳ್ಳಬಹುದಂತೆ. (ಕಡಲಿನವರು ಕಡಲಿನ ಉಪ್ಪು ತಿನ್ನಲು ಸಮುದ್ರದಾಚೆಯ ದ್ವೀಪದವರು ಅಪ್ಪಣೆ ಕೊಟ್ಟರು. ಇದನ್ನು ಇನ್ನೊಮ್ಮೆ ಓದಿ.) ಮಾವಿನ ಮಿಡಿಯ ಕಾಲದಲ್ಲಿ ಒಂದು ಭಾನುವಾರ ಇವರು ಸ್ನೇಹಿತರೊಬ್ಬರ ಊರಿಗೆ ಹೋದರು. ಸಂಜೆ ಬರುವಾಗ ಹೆಗಲ ಮೇಲೆ ಒಂದು ಗಂಟು. ಕೈಯಲ್ಲಿ ಸುಟ್ಟ ಬೊಬ್ಬೆ. ಮುಖದಲ್ಲಿ ನಮ್ಮ ಮದುವೆಯ ದಿನದ ನಂತರ ನಾನು ಕಾಣದ ಒಂದು ಕಳೆ. (ಆ ಉಪ್ಪು ಹಳ್ಳಿ ದಾಟಿ ಊರೊಳಗೆ ಬರಬಹುದೋ ಬಾರದೋ ಎಂದು ಕಾನೂನು ಬಲ್ಲವರು ಕಾಗದ ಬರೆಯುವುದು ಬೇಡ. ಗಂಟಿಗೆ ದಾರಿ ತಪ್ಪಿತ್ತು.)

“ಈ ವರ್ಷದ ಮಾವಿನಕಾಯಿ ಇದರಲ್ಲೇ ಆಗ್ಬೇಕು ಮಾರಾಯ್ತಿ,” ಅಂದರು. “ಒಂದು ಹನಿ ಹಾಳು ಮಾಡಲಿಲ್ಲ ನಾವು. ಪಾತ್ರೆ ಒಣಗುವವರೆಗೆ ಕುದಿಸಿದ್ದು.”

ಉಪ್ಪು ಬೂದಿ ಬಣ್ಣಕ್ಕಿತ್ತು. ಮುಟ್ಟಿದರೆ ಒದ್ದೆ. ನಾಲಗೆಯ ತುದಿಗೆ ಇಟ್ಟೆ. ಮೊದಲು ಉಪ್ಪು, ಹಿಂದಿನಿಂದ ಕಹಿ. ಈ ಒದ್ದೆ ಉಪ್ಪು ಅಳತೆಗೆ ಬಂದರೂ ಮಿಡಿಯನ್ನು ಕಾಯುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಹೇಳಬೇಕಿತ್ತು. ಆ ಮುಖ ನೋಡಿ ಹೇಳಲಾಗಲಿಲ್ಲ. ಪ್ರತಿ ವರ್ಷದ ಅಳತೆಯಲ್ಲೇ ಉಪ್ಪು, ಮೇಲೆ ಮಿಡಿ, ಮೇಲೆ ಉಪ್ಪು, ಹೀಗೆ ಮುನ್ನೂರು ಮಿಡಿ ತುಂಬಿಸಿ ಬಾಯಿಗೆ ಬಟ್ಟೆ ಕಟ್ಟಿದೆ. (ಅನುಭವಸ್ಥ ಓದುಗಿಯರು ಇಲ್ಲಿ ಹಣೆ ಚಚ್ಚಿಕೊಂಡಿರಬಹುದು. ಚಚ್ಚಿಕೊಳ್ಳಿ.)

ಮರುದಿನ ಇವರು ಒಂದು ಚಿಟಿಕೆ ಉಪ್ಪನ್ನು ಕಾಗದದಲ್ಲಿ ಕಟ್ಟಿ ಆಫೀಸಿಗೆ ಕೊಂಡುಹೋದರು. ಅಲ್ಲಿ ಒಬ್ಬರು ಹೆಡ್ ಗುಮಾಸ್ತರಿದ್ದಾರೆ. ನಮ್ಮ ಊರಿನವರೇ. ಕೋಟು ಮಾತ್ರ ಬಿಳಿಯರದ್ದು. ಅವರು ಉಪ್ಪನ್ನು ಬಾಯಿಗೆ ಹಾಕಿ, ಕಿಟಕಿಯಿಂದ ಹೊರಗೆ ಉಗಿದು ಹೇಳಿದರಂತೆ: “ಉಪ್ಪು ಮಾಡ್ಲಿಕ್ಕೆ ಬಾರದವರಿಗೆ ರಾಜ್ಯ ಬೇಕಂತೆ. ಮೊದಲು ಉಪ್ಪು ಮಾಡಿ ಮಾರಾಯ್ರೆ, ಮತ್ತೆ ನೋಡುವ.”

ಎಲ್ಲರೂ ನಕ್ಕರು. ಇವರೂ ನಕ್ಕರು. “ನಾನೂ ನಕ್ಕೆ,” ಎಂದು ಮನೆಗೆ ಬಂದು ಎರಡು ಸಲ ಹೇಳಿದರು. ಆ ಸಂಜೆ ಕಾಲು ತೊಳೆಯುವುದು ಮತ್ತೆ ಉದ್ದವಾಯಿತು.

ಆಗ ಆಫೀಸಿನ ಬಾಗಿಲ ಬಳಿ ಮೊಯ್ದಿನ್ ಬ್ಯಾರಿಗಳು ಕೂತಿದ್ದರಂತೆ. ಅವರ ಹಡಗು ಜಾಂಜಿಬಾರಿನವರೆಗೆ ಹಂಚು ಕೊಂಡುಹೋಗುತ್ತದೆ. ಅವರು ನಗಲಿಲ್ಲ. ಇವರು ಹೊರಗೆ ಬರುವಾಗ ಮೆಲ್ಲಗೆ ಹೇಳಿದರಂತೆ: “ಜಾಂಜಿಬಾರಿನ ಎದುರಿನ ದಡದಲ್ಲಿ ಗುಡಿಸಲಿಗೆ ಟ್ಯಾಕ್ಸ್ ಉಂಟು ಗುಮಾಸ್ತರೇ. ಅದನ್ನು ಕಟ್ಲಿಕ್ಕೆ ಅವರು ಬಿಳಿಯರ ತೋಟದಲ್ಲಿ ದುಡೀಬೇಕು. ತೋಟದಲ್ಲಿ ದುಡಿದವನ ಸ್ವಂತ ಗದ್ದೆ ಬಿತ್ತುವವರಿಲ್ಲದೆ ಹಡೀಲು ಬೀಳ್ತದೆ. ಮತ್ತೆ ದೊರೆ ಬಂದು ಹೇಳ್ತಾನೆ, ನೋಡಿ, ಈ ಜನಕ್ಕೆ ಬೇಸಾಯ ಬರುವುದಿಲ್ಲ ಅಂತ.”

ನಾನು ಭೂಪಟ ನೋಡಿ ಕಲಿತವಳಲ್ಲ. ಜಾಂಜಿಬಾರು ನನಗೆ ಲವಂಗದ ಹೆಸರು ಮಾತ್ರ. ಆದರೆ ಈ ಮಾತು ಕೇಳಿದ ಮೇಲೆ ಅಲ್ಲಿಯ ಯಾರೋ ಒಬ್ಬ ಹೆಂಗಸು, ತನ್ನ ಗಂಡ ಕಾಲು ತೊಳೆಯುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿರುವವಳು, ನನ್ನ ಕಣ್ಣಿಗೆ ಕಟ್ಟಿದಳು.

ಆರನೆಯ ದಿನ ಭರಣಿಯ ಬಟ್ಟೆ ತೆಗೆದೆ. ಮೇಲೆ ಬಿಳಿ ಕೆನೆ. ಮೇಲಿನ ಮಿಡಿಗಳನ್ನು ಒತ್ತಿದರೆ ಮೆತ್ತಗೆ. ವಾಸನೆಯನ್ನು ಬರೆಯುವುದಿಲ್ಲ. ಬಟ್ಟೆಯನ್ನು ಮತ್ತೆ ಮುಚ್ಚಿ ಹಿತ್ತಲ ಮೆಟ್ಟಿಲ ಮೇಲೆ ಕೂತೆ. ಇವರಿಗೆ ಏನೆಂದು ಹೇಳುವುದು? ಹೆಡ್ ಗುಮಾಸ್ತರು ಹೇಳಿದ್ದು ಸರಿ ಎಂದೇ?

ಆ ಹೊತ್ತಿಗೆ ಸರಿಯಾಗಿ ಅಪ್ಪಿಯಕ್ಕ ಬಂದಳು.

ಅಪ್ಪಿಯಕ್ಕ ಎಂದರೆ ನಮಗೆ ಇಪ್ಪತ್ತು ವರ್ಷಗಳಿಂದ ಮೀನು ತರುವವಳು. ಮನೆ ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ. ಬುಟ್ಟಿ ಇಳಿಸುವ ಮೊದಲೇ ಮೂಗು ಮುರಿದಳು.

“ಬಂಗುಡೆ ನನ್ನ ಬುಟ್ಟಿಯಲ್ಲಿ ಉಂಟು, ವಾಸನೆ ನಿಮ್ಮ ಮನೆಯಿಂದ ಬರ್ತದಲ್ಲ ಅಕ್ಕೆರೇ?”

ಹೇಳಿದೆ. ಎಲ್ಲವನ್ನೂ. ಗಂಟಿನಲ್ಲಿ ಉಳಿದಿದ್ದ ಉಪ್ಪು ತಂದು ತೋರಿಸಿದೆ. ಅವಳು ಬಾಯಿಗೆ ಹಾಕಿದಳು. ಉಗಿಯಲಿಲ್ಲ. ಚಪ್ಪರಿಸಿ ನೋಡಿದಳು.

“ಒಣಗುವವರೆಗೆ ಕುದಿಸಿದರಾ?”

“ಒಂದು ಹನಿ ಬಿಡಲಿಲ್ಲವಂತೆ.”

ಅಪ್ಪಿಯಕ್ಕ ಬುಟ್ಟಿ ಹಿಡಿದುಕೊಂಡು ನಕ್ಕಳು. ಆದರೆ ಅದು ಆಫೀಸಿನ ನಗುವಲ್ಲ. “ನಿಮ್ಮ ಮನೆಯ ಅಣ್ಣೆರು ಕಡಲನ್ನೇ ಹುರಿದು ತಂದಿದ್ದಾರೆ. ಎಲ್ಲ ಒಣಗಿಸ್ಲಿಕ್ಕೆ ಉಂಟಾ? ಉಪ್ಪು ಮೊದಲು ತಳಕ್ಕೆ ಕೂರ್ತದೆ. ಕಹಿ ಕೊನೆಯವರೆಗೆ ನೀರಲ್ಲೇ ಇರ್ತದೆ. ನೀರು ಬೆರಳಿಗೆ ಎಣ್ಣೆ ಹಾಗೆ ಜಾರಿದ ಕೂಡಲೇ ಬೆಂಕಿ ತೆಗೀಬೇಕು. ಉಪ್ಪು ಬಾಚಿ, ಉಳಿದ ನೀರು ಚೆಲ್ಲಿಬಿಡ್ಬೇಕು.”

“ನಿನಗೆ ಇದೆಲ್ಲ ಹೇಗೆ ಗೊತ್ತು?”

ಅವಳು ಹಿಂದೆ ಮುಂದೆ ನೋಡಿದಳು, ಈಗ ಹೇಳಬಹುದು ಎಂಬಂತೆ. ಅವಳ ಗಂಡನ ತಾಯಿ ಜೀವಮಾನವಿಡೀ ಕದ್ದು ಉಪ್ಪು ಮಾಡುತ್ತಿದ್ದಳಂತೆ. ಹೊಗೆ ಕಂಡರೆ ಉಪ್ಪಿನ ಇಲಾಖೆಯ ಪೇದೆ ಬರುತ್ತಾನೆ. ಅದಕ್ಕೆ ಆಕೆ ಕುಚ್ಚಲಕ್ಕಿಗೆ ಭತ್ತ ಬೇಯಿಸುವ ದಿನ ಮಾತ್ರ ಮಾಡುತ್ತಿದ್ದಳು. ಅಂಗಳದಲ್ಲಿ ಭತ್ತದ ಹಂಡೆ. ಅದರ ಹಿಂದೆ, ಅದೇ ಹೊಗೆಯ ಅಡಿಯಲ್ಲಿ, ಸಣ್ಣ ಮಡಕೆಯಲ್ಲಿ ಉಪ್ಪು. ಪೇದೆ ಬಂದರೆ ಭತ್ತ ಕಾಣುತ್ತಿತ್ತು.

“ನಾನು ಯಾರ್ಡಿನಲ್ಲಿ ಮೀನಿಗೆ ಉಪ್ಪು ಹಾಕುವ ಕೆಲಸಕ್ಕೂ ಹೋಗಿದ್ದೆ ಅಕ್ಕೆರೇ. ಸರಕಾರದ ಬೇಲಿ ಒಳಗೆ. ಉಪ್ಪು ಮೀನಿನ ಹೊಟ್ಟೆಯಲ್ಲಿ ಹೊರಗೆ ಬರಬಹುದು, ನಮ್ಮ ಸೆರಗಿನಲ್ಲಿ ಬರಬಾರದು. ಸಂಜೆ ಹೋಗುವಾಗ ಬುಟ್ಟಿ ಕೊಡವಿ, ಸೆರಗು ಕೊಡವಿ, ಕೈ ತೋರಿಸಿ ಅಂತ. ಒಂದು ದಿನ ನಾನು ಪೇದೆಗೆ ಕೇಳಿದೆ, ಮೈಯ ಬೆವರಲ್ಲೂ ಉಪ್ಪುಂಟಲ್ಲ, ಅದಕ್ಕೂ ರಸೀದಿ ಬೇಕಾ ಅಂತ.”

“ಅವ ಎಂತ ಹೇಳಿದ?”

“ಮರುದಿನದಿಂದ ಕೆಲಸಕ್ಕೆ ಬರುವುದು ಬೇಡ ಅಂದ.”

ನಾನು ಸಣ್ಣ ಸ್ವರದಲ್ಲಿ ಒಂದು ಮಾತು ಕೇಳಿದೆ. ಈಗ ಬರೆಯಲು ನಾಚಿಕೆಯಾಗುತ್ತದೆ. ಅಂಗಡಿಯ ಬಿಳಿ ಬೊಂಬಾಯಿ ಉಪ್ಪು ಹಾಕಿ ಭರಣಿ ತುಂಬಿಸಿದರೆ ಆಗದೇ? ಇವರಿಗೆ ಗೊತ್ತಾಗುವುದಿಲ್ಲ.

“ನಿಮಗೆ ಗೊತ್ತಾಗ್ತದಲ್ಲ,” ಅಂದಳು ಅಪ್ಪಿಯಕ್ಕ. “ಈ ಉಪ್ಪಿಗೆ ಎಂತ ರೋಗ ಇಲ್ಲ. ದೊಡ್ಡ ಮಡಕೆ ತನ್ನಿ.”

ಇಲ್ಲಿ ಒಂದು ತೊಡಕು. ನಮ್ಮಲ್ಲಿ ಭರಣಿ ಎಂದರೆ ಹೆಚ್ಚು ಕಡಿಮೆ ದೇವರು. ತುಂಬಿಸಿದವಳನ್ನು ಬಿಟ್ಟು ಬೇರೆಯವರ ಕೈ ಒಳಗೆ ಹೋಗಬಾರದು. ಹೊರಗಿನವರ ಕೈಯಂತೂ ನೆರಳಿನಷ್ಟೂ ತಾಗಬಾರದು. ಇಪ್ಪತ್ತು ವರ್ಷಗಳಲ್ಲಿ ಅಪ್ಪಿಯಕ್ಕ ನಮ್ಮ ಹಿತ್ತಲ ಹೊಸಿಲು ದಾಟಿದವಳಲ್ಲ. ದಾಟು ಎಂದು ನಾವು ಹೇಳಿದವರೂ ಅಲ್ಲ. ಸರಕಾರ ಉಪ್ಪಿಗೆ ಬೇಲಿ ಹಾಕಿತು ಎಂದು ಅರ್ಧ ಅಂಕಣ ಬೈದೆನಲ್ಲ, ಈ ಬೇಲಿ ಹಾಕಿದವರು ಯಾವ ಹಡಗಿನಲ್ಲಿ ಬಂದರು?

ಅತ್ತೆ ಒಳಗಿನಿಂದ ಎಲ್ಲವನ್ನೂ ಕೇಳುತ್ತಿದ್ದರು. ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು.

“ಭತ್ತದ ಹೊಗೆಯ ಅಡಿಯಲ್ಲಿ ಮಾಡ್ತಿದ್ದರಾ ನಿನ್ನ ಅತ್ತೆ?” ಎಂದು ಕೇಳಿದರು.

“ಹೌದು ಅಮ್ಮ.”

“ಜಾಣೆ,” ಅಂದರು ಅತ್ತೆ. ನೀರಿನ ಚೊಂಬನ್ನು ಹೊಸಿಲಿಗೆ ಸರಿಸಿ, “ಕೈ ತೊಳೆದುಕೊಂಡು ಒಳಗೆ ಬಾ. ಭರಣಿಯ ತಳದಲ್ಲಿ ಎಷ್ಟು ಗಟ್ಟಿ ಮಿಡಿ ಉಂಟು ನೀನೇ ನೋಡು. ಇವಳಿಗೆ ಗೊತ್ತಾಗುದಿಲ್ಲ,” ಅಂದರು. (ಕೊನೆಯ ವಾಕ್ಯ ನನಗೆ. ಅದೂ ಇಪ್ಪತ್ತು ವರ್ಷಗಳಿಂದ ಇದ್ದದ್ದೇ.)

ಅಂದು ಬಂಗುಡೆಯ ಬುಟ್ಟಿ ನಮ್ಮ ಹಿತ್ತಲಲ್ಲೇ ಉಳಿಯಿತು. ಅಪ್ಪಿಯಕ್ಕ ಮೆತ್ತಗಾದ ಮಿಡಿಗಳನ್ನು ಆರಿಸಿ ಎಸೆದಳು. ಗಟ್ಟಿಯಾದವನ್ನು ತೊಳೆದು ಚಾಪೆಯ ಮೇಲೆ ನೆರಳಿನಲ್ಲಿ ಹರವಿದೆವು. ಭರಣಿಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದೆವು. ಗಂಟಿನ ಉಪ್ಪನ್ನು ನೀರಿನಲ್ಲಿ ಕರಗಿಸಿ, ಮಣ್ಣು ತಳಕ್ಕೆ ಇಳಿಯುವವರೆಗೆ ಕಾದು, ಇವರ ಹಳೆಯ ಪಂಚೆಯಲ್ಲಿ ಎರಡು ಸಲ ಸೋಸಿ ಒಲೆಗೆ ಇಟ್ಟೆವು.

ಕಾಯುವುದೇ ಕೆಲಸ. ಅಪ್ಪಿಯಕ್ಕ ಆಗಾಗ ಸೌಟಿನಿಂದ ಒಂದು ಹನಿ ತೆಗೆದು, ಊದಿ ಆರಿಸಿ, ಹೆಬ್ಬೆರಳಿಗೂ ತೋರುಬೆರಳಿಗೂ ತಿಕ್ಕಿ ನೋಡುತ್ತಿದ್ದಳು. ನನ್ನ ಕೈಗೂ ಕೊಟ್ಟಳು. “ಈಗ?” “ನೀರಿನ ಹಾಗೆಯೇ.” “ಈಗ?” “ನೀರಿನ ಹಾಗೆಯೇ.” ಆಮೇಲೆ ಒಂದು ಹನಿ ಜಾರಿತು. ನಿಜವಾಗಿ ಎಣ್ಣೆಯ ಹಾಗೆ. ಅವಳು ಬೆಂಕಿ ಎಳೆದಳು.

ತಳದಲ್ಲಿ ಉಪ್ಪು ಬಿಳಿಯಾಗಿ, ಹರಳು ಹರಳಾಗಿ ಕೂತಿತ್ತು.

ಅಂದು ಶನಿವಾರ, ಅರ್ಧ ದಿನದ ಆಫೀಸು. ಇವರು ಸರಿಯಾಗಿ ಕಹಿ ನೀರು ಚೆಲ್ಲುವ ಹೊತ್ತಿಗೆ ಬಂದರು. ವಿಷಯ ತಿಳಿದು ಅವರ ಮುಖ ಇಳಿಯಿತು. “ಅರ್ಧದಷ್ಟು ಹೋಯಿತಲ್ಲ,” ಅಂದರು.

“ಹೋದದ್ದು ಉಪ್ಪಲ್ಲ ಅಣ್ಣೆರೇ,” ಅಂದಳು ಅಪ್ಪಿಯಕ್ಕ. “ನೀವು ಮಾಡಿದ್ದು ಅಲ್ಲೇ ಉಂಟು ನೋಡಿ. ನಿಮಗೆ ನಿಲ್ಲಿಸುವುದು ಎಲ್ಲಿ ಅಂತ ಗೊತ್ತಿರಲಿಲ್ಲ, ಅಷ್ಟೇ.”

ಇವರು ಒಂದು ಹರಳು ಬಾಯಿಗೆ ಹಾಕಿಕೊಂಡರು. ಮತ್ತೆ ಮಡಕೆಯನ್ನು ತಾವೇ ಎತ್ತಿ, ಉಳಿದ ಕಹಿ ನೀರನ್ನು ತೆಂಗಿನ ಬುಡದಿಂದ ದೂರಕ್ಕೆ ಕೊಂಡುಹೋಗಿ ಚೆಲ್ಲಿ ಬಂದರು. ಆ ದಿನ ಕಾಲು ತೊಳೆದದ್ದು ಎರಡು ಚೊಂಬು ನೀರಿನಲ್ಲಿ. ನಾನು ಎಣಿಸಿದ್ದೇನೆ.

ಅಂದಿನಿಂದ ಒಂದು ಮಾತು ನನ್ನ ತಲೆಯಲ್ಲಿ ಕುದಿಯುತ್ತಿದೆ. ನಮ್ಮ ಕೈಯಿಂದ ಉಪ್ಪು ಕಿತ್ತುಕೊಂಡದ್ದು ಒಂದು ಅನ್ಯಾಯ. ಅದನ್ನು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ಆದರೆ ಉಪ್ಪಿನ ಜೊತೆ ಕೈಯ ಕಲಿಕೆಯೂ ಹೋಯಿತಲ್ಲ, ಅದನ್ನು ಯಾರು ಲೆಕ್ಕಕ್ಕೆ ಹಿಡಿದರು? ಎರಡು ಮೂರು ತಲೆಮಾರು ಮಾಡಬೇಡ ಎನ್ನುವುದು. ಆಮೇಲೆ, ನಿನಗೆ ಮಾಡಲು ಬರುವುದಿಲ್ಲ ಎಂದು ನಗುವುದು. ಜಾಂಜಿಬಾರಿನ ಕಡೆ ಗದ್ದೆ, ಬೋಳಾರದಲ್ಲಿ ಉಪ್ಪು. ಮಸ್ಲಿನ್ ಬಟ್ಟೆ ನೇಯುವವರಿಗೂ ಹೀಗೆಯೇ ಆಗಿರಬೇಕು. ನಗುವವರ ಕೋಟು ಕೂಡ ಎಲ್ಲ ಕಡೆ ಒಂದೇ ಅಳತೆಯದ್ದು.

ಆದರೆ ಕಲಿಕೆ ಪೂರ್ತಿ ಹೋಗಿರಲಿಲ್ಲ. ಅದು ಭತ್ತದ ಹೊಗೆಯ ಅಡಿಯಲ್ಲಿ ಇತ್ತು. ಓದು ಬಾರದ ಒಬ್ಬ ಮುದುಕಿಯ ಎರಡು ಬೆರಳುಗಳ ನಡುವೆ ಇತ್ತು. ಆಕೆ ಅದನ್ನು ಸೊಸೆಗೆ ಕೊಟ್ಟಳು. ಸೊಸೆ ಒಂದು ಶನಿವಾರ ತನ್ನ ಮೀನು ಬಿಟ್ಟು ನನಗೆ ಕೊಟ್ಟಳು. ಆ ಮುದುಕಿಯ ಹೆಸರು ನನಗೆ ಗೊತ್ತಿಲ್ಲ. ಅಪ್ಪಿಯಕ್ಕನಿಗೆ ಕೇಳಿದರೆ, “ಅತ್ತೆ ಅಂತಲೇ ಕರೆಯುತ್ತಿದ್ದದ್ದು,” ಎಂದಳು. ಹೆಸರಿಲ್ಲದೆಯೇ ಕೈ ಮುಗಿಯುತ್ತೇನೆ.

ಮೊನ್ನೆ ಭಾನುವಾರಕ್ಕೆ ಬರುತ್ತೇನೆ. ಮಳೆ ಜೋರಾಗಿತ್ತು. ಅಪ್ಪಿಯಕ್ಕನಿಗೆ ಹೇಳಿ ಕಳುಹಿಸಿದ್ದೆವು. ಬುಟ್ಟಿ ಇಲ್ಲದೆ, ಮಳೆಗೆ ಗರಿಯ ಗೊರಬು ಹೊದ್ದು ಬಂದಳು. ಅಭ್ಯಾಸದಂತೆ ಹಿತ್ತಲ ಮೆಟ್ಟಿಲ ಮೇಲೆ ಕೂರಲು ಹೋದಳು. ಅತ್ತೆ ಅಡುಗೆಮನೆಯ ಒಳಗೆ ಮಣೆ ಇಟ್ಟು, “ಅಲ್ಲಿ ಮಳೆ ನೀರು ಹೊಡೀತದೆ,” ಅಂದರು. ಅಷ್ಟೇ ಅಂದರು. ಅಷ್ಟಕ್ಕೆ ಇಪ್ಪತ್ತು ವರ್ಷ ಬೇಕಾಯಿತು.

ಆ ಬಿಳಿ ಉಪ್ಪಿನಲ್ಲಿ ಗಟ್ಟಿ ಮಿಡಿಗಳನ್ನು ಮತ್ತೆ ತುಂಬಿಸಿದ್ದ ಭರಣಿಯ ಬಟ್ಟೆಯನ್ನು ನಾನು ಬಿಚ್ಚಿದೆ. ಕೆನೆ ಇಲ್ಲ. ನೀರು ತಿಳಿ. ಮಿಡಿಗಳು ಸುಕ್ಕುಗಟ್ಟಿ, ಗಟ್ಟಿಯಾಗಿ, ಅಜ್ಜಿಯರ ಕೆನ್ನೆಯ ಹಾಗೆ. ಮೊದಲನೆಯದು ಅಪ್ಪಿಯಕ್ಕನ ಎಲೆಗೆ. ಅವಳು ಕಚ್ಚಿದಳು, ಕಣ್ಣು ಮುಚ್ಚಿದಳು. ಇವರು ತಮ್ಮ ಗಂಜಿ ಮುಟ್ಟದೆ ಅವಳ ಬಾಯಿಯನ್ನೇ ನೋಡುತ್ತಿದ್ದರು.

“ಉಪ್ಪು ಸರಿ ಉಂಟು ಅಣ್ಣೆರೇ,” ಅಂದಳು. “ಖಾರಕ್ಕೆ ಒಂದು ಗಾಂಧಾರಿ ಮೆಣಸು ಇದ್ದರೆ ಕೊಡಿ.”

ಉಂಡದ್ದು ಕುಚ್ಚಲಕ್ಕಿ ಗಂಜಿ, ಉಪ್ಪಿನ ಮಾವಿನಕಾಯಿ, ಸುಟ್ಟ ಹಪ್ಪಳ, ಗಾಂಧಾರಿ ಮೆಣಸು. ಇವರು ಮೂರು ಸಲ ಬಡಿಸಿಕೊಂಡರು. ಊಟದ ಮೇಲೆ ಮೊದಲು ನಿದ್ದೆ ಹೋದದ್ದು ಅಪ್ಪಿಯಕ್ಕ, ನಮ್ಮ ಅಡುಗೆಮನೆಯ ಗೋಡೆಗೆ ಒರಗಿ, ಬಾಯಲ್ಲಿ ಇನ್ನೂ ಗೊರಟು ಇರುವಾಗಲೇ. ಅವಳ ಹತ್ತಿರ ಅತ್ತೆ. ಇವರು ಮಲಗಲಿಲ್ಲ. ಎರಡು ಒಳ್ಳೆಯ ಮಿಡಿ ಆರಿಸಿ, ಬಾಳೆ ಎಲೆಯಲ್ಲಿ ಕಟ್ಟಿ, ತೇಪೆ ಹಾಕಿದ ಕೊಡೆಯ ಪಕ್ಕದಲ್ಲಿ ಮರುದಿನ ಆಫೀಸಿಗೆಂದು ಇಟ್ಟರು.

ಉಪ್ಪು ಮಾಡಿ ಆಯಿತು. ಇನ್ನು ಯಾವುದನ್ನು ಮಾಡಬೇಕು ಎಂದು ಹೆಡ್ ಗುಮಾಸ್ತರೇ ಹೇಳಲಿ.