ಕುರಿಗೊಂದು ಸಾಲು

ಒಂದೇ ಕೆಲಸವನ್ನು ನೂರು ಸಲ ಮಾಡು ಅಂದರೆ ನನಗೆ ಮೈ ಉರಿಯುತ್ತದೆ. ಹಿಂದೂಪುರದ ಮಗ್ಗದ ಮನೆಯಲ್ಲಿ ಹುಟ್ಟಿದವಳು ಆಡುವ ಮಾತಲ್ಲ ಇದು. ನಮ್ಮ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಲಾಳಿ ಆ ಕಡೆ ಹೋಗುತ್ತಿತ್ತು, ಈ ಕಡೆ ಬರುತ್ತಿತ್ತು, ಯಾರೂ ಬೇಸರಪಟ್ಟುಕೊಳ್ಳುತ್ತಿರಲಿಲ್ಲ. ನನ್ನನ್ನು ಕೂರಿಸಿದರೆ ಅರ್ಧ ಗಂಟೆಯಲ್ಲಿ ಎಳೆ ಕಡಿದುಹಾಕುತ್ತಿದ್ದೆ. ಕೊನೆಗೆ ಅಮ್ಮನೇ ಸೋತು, ನೀನು ಸೀರೆ ನೇಯುವುದಕ್ಕಿಂತ ಯಾವುದಾದರೂ ಆಫೀಸಿನಲ್ಲಿ ಕೂತು ಜಗಳವಾಡುವುದೇ ವಾಸಿ ಎಂದು ಟೈಪಿಂಗ್ ಕಲಿಯಲು ಕಳಿಸಿದಳು. ಹಾಗೆ ನಾನು ಬಂದು ಸೇರಿದ್ದು ಕಲ್ಯಾಣದುರ್ಗದಲ್ಲಿ, ಕುರಿ ದನಗಳಿಗೆ ಸೂಜಿಮದ್ದು ಹಾಕಿಸುವ ಒಂದು ಪುಟ್ಟ ಕಚೇರಿಗೆ. ವಾರವೆಲ್ಲ ಅಲ್ಲಿ, ಭಾನುವಾರ ಮಾತ್ರ ಹಿಂದೂಪುರದಲ್ಲಿ.

ಕುರಿಗಳ ಪಟ್ಟಿ ನನ್ನ ಕಂಪ್ಯೂಟರಿನಲ್ಲಿ ಎಕ್ಸೆಲ್ ಶೀಟಾಗಿ ಇತ್ತು. ಒಬ್ಬ ಮಾಲೀಕರಿಗೆ ಒಂದು ಸಾಲು. ಹೆಸರು, ಊರು, ಕುರಿ ಅರವತ್ತು, ಅಲ್ಲಿಗೆ ಮುಗಿಯಿತು. ಒಂದು ಗುರುವಾರ ಮೇಲಿನಿಂದ ಆದೇಶ ಬಂತು. ಇನ್ನು ಮುಂದೆ ಕುರಿಗೊಂದು ಸಾಲು ಇರಬೇಕು. ಅರವತ್ತು ಕುರಿಯಿದ್ದರೆ ಮಾಲೀಕರ ಹೆಸರಿನ ಕೆಳಗೆ ಅರವತ್ತು ಖಾಲಿ ಸಾಲು ಸೇರಿಸಬೇಕು. ಸೂಜಿ ಹಾಕುವ ದಿನ ಪ್ರತಿ ಕುರಿಯ ಕಿವಿಗೆ ನಂಬರಿನ ಬಿಲ್ಲೆ ಹೊಡೆದು, ಆ ನಂಬರನ್ನು ಅದರ ಸಾಲಿನಲ್ಲಿ ತುಂಬಬೇಕು. ಸೋಮವಾರ ಮಧ್ಯಾಹ್ನದೊಳಗೆ ಯಾವ ಊರಿನ ಪಟ್ಟಿ ತಲುಪುತ್ತದೋ ಆ ಊರಿಗೆ ಮರುದಿನದಿಂದಲೇ ಮದ್ದು. ಉಳಿದ ಊರುಗಳಿಗೆ ಮಳೆಗಾಲ ಕಳೆದ ಮೇಲೆ.

ನಾನು ಮತ್ತು ಪಕ್ಕದ ಮೇಜಿನ ಅಕ್ಕ ಕೂತೆವು. ಕುರಿಯೆಷ್ಟೆಂದು ನೋಡು, ಅಷ್ಟು ಸಾಲು ಎಣಿಸಿ ಹಿಡಿ, ರೈಟ್ ಕ್ಲಿಕ್, ಇನ್ಸರ್ಟ್. ಮುಂದಿನ ಮಾಲೀಕರು. ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ. ಸಂಜೆಯ ಹೊತ್ತಿಗೆ ಅಕ್ಕನ ತೋರುಬೆರಳು ಊದಿಕೊಂಡಿತ್ತು, ಪಟ್ಟಿಯ ಮೊದಲಿಗಿದ್ದ ಬ್ರಹ್ಮಸಮುದ್ರದ ಎರಡು ಹಳ್ಳಿಯೂ ಮುಗಿದಿರಲಿಲ್ಲ. ಪಟ್ಟಿಯ ಕೊನೆಯಲ್ಲಿದ್ದ ಕಂಬದೂರಂತೂ ಇನ್ನೊಂದು ಜನ್ಮದ ಮಾತು.

ಆ ಕಂಬದೂರು ಕಡೆಯ ಒಬ್ಬ ಅಜ್ಜಿ ನಮ್ಮ ಮೆಟ್ಟಿಲ ಮೇಲೆ ಬಂದು ಕೂತಿದ್ದಳು. ಕುರಿ ಸಾಕುವವರು. ಹಿಂದಿನ ಮಳೆಗಾಲದಲ್ಲಿ ಅವಳ ಹದಿನಾಲ್ಕು ಕುರಿಗಳು ಬಾಯಿ ಹುಣ್ಣಾಗಿ, ನಾಲಿಗೆ ನೀಲಿಗಟ್ಟಿ, ಮೇವು ಮುಟ್ಟದೆ ಸತ್ತಿದ್ದವು. ಈ ಸಲ ಅವಳಿಗೆ ಬೇಕಾದದ್ದು ಒಂದೇ, ಮಂದೆ ಊರು ಬಿಡುವ ಮೊದಲು ಸೂಜಿ.

“ಬುಧವಾರ ಮಂದೆ ಹೊಡ್ಕೊಂಡು ಕಾಲ್ವೆ ಕಡೀಕೆ ಹೋಯ್ತೀವಿ ಕಣಮ್ಮ,” ಎಂದಳು. “ಆಮ್ಯಾಕೆ ನೀವು ಸೂಜಿ ತಂದ್ರೂ ಅಲ್ಲಿ ಕುರಿ ಇರಾಕಿಲ್ಲ.”

ಶುಕ್ರವಾರ ಬೆಳಿಗ್ಗೆ ನನ್ನ ತಲೆ ಕೆಟ್ಟಿತು. ಈ ಯಂತ್ರಕ್ಕೆ ಎಣಿಸಲು ಬರುತ್ತದೆ, ಸಾಲು ಹಾಕಲು ಬರುತ್ತದೆ, ನಾನೇಕೆ ಬೆರಳು ಸವೆಸಬೇಕು? ಬಸ್ಸಿನಲ್ಲಿ ಹೋಗಿಬರುವಾಗ ಫೋನಿನಲ್ಲಿ ಮ್ಯಾಕ್ರೋ ಪಾಠದ ತೆಲುಗು ವೀಡಿಯೋಗಳನ್ನು ನೋಡುತ್ತಿದ್ದೆ. ಮ್ಯಾಕ್ರೋ ಎಂದರೆ ಮಾಡಬೇಕಾದ ಕೆಲಸವನ್ನು ಒಂದು ಸಲ ಬರೆದಿಟ್ಟರೆ ಯಂತ್ರ ತಾನೇ ಸಾವಿರ ಸಲ ಮಾಡುವ ವ್ಯವಸ್ಥೆ. ನಮ್ಮ ಡಾಕ್ಟರು ಸಾರ್‌ಗೆ ಹೇಳಿದೆ. ಒಳ್ಳೆಯ ಮನುಷ್ಯರು, ಆದರೆ ಕಂಪ್ಯೂಟರೆಂದರೆ ಹಾಯುವ ಎತ್ತಿಗೆ ಹೆದರಿದಷ್ಟು ಹೆದರುತ್ತಾರೆ. “ಮ್ಯಾಕ್ರೋ ಗೀಕ್ರೋ ವದ್ದಮ್ಮಾ, ಚೇತ್ತೋನೇ ಚೆಯ್ಯಂಡಿ,” ಎಂದರು. ಬೇಡಮ್ಮ, ಕೈಯಿಂದಲೇ ಮಾಡಿ ಅಂತ. ನಾನು ತಲೆಯಾಡಿಸಿ ಬಂದು ಮ್ಯಾಕ್ರೋ ಬರೆಯಲು ಕೂತೆ.

ಮಧ್ಯಾಹ್ನ ಗುಂಡಿ ಒತ್ತಿದೆ. ಪರದೆಯ ಮೇಲೆ ಸಾಲುಗಳು ಸರಸರನೆ ಇಳಿದವು. ಇಲ್ಲದ ಮೀಸೆ ತಿರುವಿ ಅಕ್ಕನನ್ನು ಕರೆದು ತೋರಿಸಿದೆ. ಅಷ್ಟರಲ್ಲಿ ಅದು ನಿಂತಿತು. ಕೆಳಗೆ ಹೋಗಿ ನೋಡಿದರೆ ಬ್ರಹ್ಮಸಮುದ್ರದ ಮೊದಲ ಕೆಲವು ಮಾಲೀಕರಿಗೆ ಮಾತ್ರ ಸಾಲು ಬಿದ್ದಿದ್ದವು. ಆಮೇಲಿನವರೆಲ್ಲ ಇದ್ದ ಹಾಗೇ ಇದ್ದರು, ಕಂಬದೂರಿಗೆ ಒಂದು ಸಾಲೂ ಇಲ್ಲ.

ಯಾಕೆ ಹೀಗಾಯಿತು ಎಂಬುದು ತಿಳಿಯಿತು, ಏನು ಮಾಡಬೇಕೆಂಬುದು ತಿಳಿಯಲಿಲ್ಲ. ಮ್ಯಾಕ್ರೋ ಮೊದಲ ಮಾಲೀಕರ ಕೆಳಗೆ ಅರವತ್ತು ಸಾಲು ಹಾಕಿತು. ಅಲ್ಲಿಂದ ಒಂದು ಹೆಜ್ಜೆ ಮುಂದಿಟ್ಟರೆ ಸಿಗುವುದು ಎರಡನೆಯ ಮಾಲೀಕರಲ್ಲ, ತಾನೇ ಈಗ ಹಾಕಿದ ಖಾಲಿ ಸಾಲು. ಹೀಗೆ ತನ್ನ ಖಾಲಿ ಸಾಲುಗಳನ್ನೇ ತುಳಿಯುತ್ತ, ಪಟ್ಟಿಯಲ್ಲಿ ಮೊದಲು ಎಷ್ಟು ಸಾಲಿದ್ದವೋ ಅಷ್ಟು ಹೆಜ್ಜೆ ನಡೆದು, ಕೆಲಸ ಆಯಿತೆಂದು ಕೂತುಬಿಟ್ಟಿತ್ತು. ಅಷ್ಟರಲ್ಲಿ ಕಂಬದೂರು ಇನ್ನೂ ಕೆಳಕ್ಕೆ ಸರಿದಿತ್ತು. ಮೂಲ ಪಟ್ಟಿಯ ನಕಲನ್ನು ಬೇರೆ ಇಟ್ಟಿದ್ದೆ. ಕೋಪಿಷ್ಠೆಯೇ ಹೊರತು ಪೆದ್ದಿಯಲ್ಲ.

ಡಾಕ್ಟರು ಸಾರ್ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬ್ರಹ್ಮಸಮುದ್ರದ್ದು ಕೈಯಿಂದ ಆದಷ್ಟು ಮಾಡಿ, ಕಂಬದೂರು ಮುಂದಿನ ಸರದಿಗೆ ಹೋಗಲಿ ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು. ಶನಿವಾರವೆಲ್ಲ ಮತ್ತೆ ರೈಟ್ ಕ್ಲಿಕ್, ಇನ್ಸರ್ಟ್. ಸಂಜೆ ಹೊರಗೆ ಬಂದರೆ ಅಜ್ಜಿ ಅದೇ ಮೆಟ್ಟಿಲ ಮೇಲಿದ್ದಳು. ಆಗುತ್ತದೆ ಹೋಗು ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಮೇಲೇ ನನಗೆ ಅಸಹ್ಯವಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಅಮ್ಮ ಮನೆ ಒರೆಸು ಅಂದಳು. ತಲೆಯೆಲ್ಲ ಆ ಪಟ್ಟಿಯಲ್ಲೇ ಇತ್ತು. ಬಾಗಿಲ ಬಳಿಯಿಂದ ಶುರುಮಾಡಿ ಒರೆಸುತ್ತ ಒರೆಸುತ್ತ ಒಳಗಿನ ಗೋಡೆಗೆ ಹೋಗಿ ನಿಂತೆ. ಹಿಂದೆ ತಿರುಗಿದರೆ ನೆಲವೆಲ್ಲ ಒದ್ದೆ. ಹೊರಗೆ ಬಂದರೆ ಒರೆಸಿದ್ದನ್ನೇ ತುಳಿಯಬೇಕು.

ಬಾಗಿಲಲ್ಲಿ ನಿಂತಿದ್ದ ಅಮ್ಮ ಹಣೆ ಬಡಿದುಕೊಂಡಳು. “ಬಾಗ್ಲಿಂದ ಒರ್ಸ್ಕೊಂಡು ಒಳೀಕೆ ಹೋದ್ರೆ ಈಚೆಗೆ ಹೆಂಗೆ ಬತ್ತೀಯೆ? ಒಳಗಿನ ಗೋಡೆತಾವಿಂದ ಹಿಂದಿಂದಕ್ಕೆ ಬರ್ಬೇಕು ಕಣೆ. ಈ ವಯಸ್ಸಿಗೂ ಹೇಳ್ಕೊಡ್ಬೇಕಾ ನಿಂಗೆ?”

ಒದ್ದೆ ಬಟ್ಟೆ ಕೈಯಲ್ಲೇ ಇತ್ತು, ನಾನು ಗೋಡೆಗೊರಗಿ ನಗತೊಡಗಿದೆ. ಕೊನೆಯ ಸಾಲಿನಿಂದ ಶುರುಮಾಡಿ ಮೇಲಕ್ಕೆ ಬಂದರೆ? ಕೊನೆಯ ಮಾಲೀಕರ ಕೆಳಗೆ ಎಷ್ಟು ಸಾಲು ಹಾಕಿದರೂ ಅವು ಕೆಳಗಡೆಯೇ ಉಳಿಯುತ್ತವೆ, ಮೇಲಿನವರು ಒಬ್ಬರೂ ಜರುಗುವುದಿಲ್ಲ. ಹಿಂದೆ ಮಾಡಿದ್ದನ್ನು ತುಳಿಯುವ ಮಾತೇ ಇಲ್ಲ. ಒದ್ದೆ ನೆಲದ ಮೇಲೆಯೇ ಹೆಜ್ಜೆ ಮೂಡಿಸಿಕೊಂಡು ಓಡಿಹೋಗಿ ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. ಅಮ್ಮ ಬೈಯುತ್ತಲೇ ಮತ್ತೊಮ್ಮೆ ಒರೆಸಿದಳು.

ಸೋಮವಾರ ಮೊದಲ ಬಸ್ಸು ಹಿಡಿದೆ. ಸೋಮಂದೇಪಲ್ಲಿ ದಾಟುವ ಹೊತ್ತಿಗೆ ಬರೆದದ್ದನ್ನು ಮೂರು ಸಲ ಓದಿದ್ದೆ. ಆಫೀಸಿಗೆ ಹೋದವಳೇ ಯಾರನ್ನೂ ಕೇಳದೆ ಮ್ಯಾಕ್ರೋದಲ್ಲಿ ಒಂದೇ ಸಾಲು ತಿದ್ದಿದೆ, ಮೇಲಿನಿಂದ ಕೆಳಗೆ ಅನ್ನುವಲ್ಲಿ ಕೆಳಗಿನಿಂದ ಮೇಲೆ. ನಕಲು ತೆರೆದು ಗುಂಡಿ ಒತ್ತಿದೆ. ಈ ಸಲ ಮೊದಲ ಸಾಲುಗಳು ಬಿದ್ದದ್ದೇ ಕಂಬದೂರಿಗೆ. ಅಕ್ಕ ಟೀ ತರುವಷ್ಟರಲ್ಲಿ ಬ್ರಹ್ಮಸಮುದ್ರದ ಮೊದಲ ಹೆಸರಿನವರೆಗೂ ಮುಗಿದಿತ್ತು. ಡಾಕ್ಟರು ಸಾರ್ ಕನ್ನಡಕ ಏರಿಸಿ, ಪರದೆಯ ಮೇಲೆ ಬೆರಳಿಟ್ಟು, ಮೂರು ಮಾಲೀಕರ ಸಾಲುಗಳನ್ನು ತಾವೇ ಎಣಿಸಿದರು. ಮೂರೂ ಸರಿ. “ಪಂಪಿಂಚೆಯ್ಯಮ್ಮಾ,” ಎಂದರು, ಕಳಿಸಿಬಿಡು ಅಂತ. ಕಳಿಸಿದೆ. ಮಧ್ಯಾಹ್ನಕ್ಕೆ ಇನ್ನೂ ಎರಡು ಗಂಟೆ ಬಾಕಿಯಿತ್ತು. ಆ ಎರಡು ಗಂಟೆ ನಾನು ಯಾವ ಕೆಲಸವನ್ನೂ ಮಾಡಲಿಲ್ಲ, ಯಾರೂ ಹೇಳಲೂ ಇಲ್ಲ. ಅಷ್ಟು ಸಂತೋಷ ನನಗೆ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ.

ಮಂಗಳವಾರ ಡಾಕ್ಟರು ಸಾರ್ ಮತ್ತು ಸೂಜಿ ತಂಡದ ಜೊತೆ ಕಂಬದೂರು ಕಡೆಗೆ ಹೋದೆ. ಮೊದಲು ಅಜ್ಜಿಯ ಮಂದೆ. ಮುಳ್ಳುಬೇಲಿ ಕಟ್ಟಿ ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ಮಂಚ ಹಾಕಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಅಜ್ಜಿ ಒಂದೊಂದೇ ಕುರಿಯ ಕಾಲು ಹಿಡಿದು ತಂದಳು. ಸೂಜಿ, ಬಿಲ್ಲೆ, ನಂಬರು, ಮುಂದಿನ ಸಾಲು. ಪಟ್ಟಿಯ ಪ್ರಕಾರ ಅವಳದು ಐವತ್ತೆಂಟು. ಐವತ್ತೆಂಟು ಸಾಲೂ ತುಂಬಿದವು, ಆದರೆ ರೊಪ್ಪದ ಮೂಲೆಯಲ್ಲಿ ಇನ್ನೊಂದು ಕುರಿ ನಿಂತಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಮ್ಯಾಕ್ರೋ ತಪ್ಪುವುದು ಸಾಧ್ಯವೇ ಇಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದು ಹತ್ತಿರ ಬಂದಳು.

“ನಿಂದೇನೂ ತಪ್ಪಿಲ್ಲ ಕಣಮ್ಮ. ಮಂದೆ ಲೆಕ್ಕ ಪೂರಾ ಬಾಯ್ಬಿಟ್ಟು ಹೇಳಬಾರ್ದು, ದಿಷ್ಟಿ ಆಗ್ಬುಡ್ತದೆ. ಒಂದು ಬಿಟ್ಟೇ ಹೇಳಿದ್ದೆ. ನಾನೊಬ್ಳೇ ಅಲ್ಲ, ನಮ್ಮೋರೆಲ್ಲ ಅಂಗೇ ಹೇಳೋದು.” ಆಮೇಲೆ ಆ ಕುರಿಯ ಕಡೆ ನೋಡಿ ಕೇಳಿದಳು, “ಸಾಲಿಲ್ದಿದ್ರೆ ಅದುಕ್ಕೆ ಸೂಜಿ ಇಲ್ವಾ?”

ಬಾಟಲಿಯಲ್ಲಿ ಮದ್ದು ಮಿಕ್ಕಿತ್ತು. ಐವತ್ತೆಂಟರ ಕೆಳಗೆ ರೈಟ್ ಕ್ಲಿಕ್ ಮಾಡಿ ಒಂದು ಸಾಲು ಸೇರಿಸಿದೆ. ಆ ಕುರಿಗೂ ಸೂಜಿಯಾಯಿತು, ಬಿಲ್ಲೆಯಾಯಿತು. ಅಜ್ಜಿ ಅದರ ಮೈ ಸವರಿ ಹೊರಗೆ ಬಿಟ್ಟಳು. ಹೊರಡುವ ಮುನ್ನ ನನ್ನ ಕೆನ್ನೆಯನ್ನೂ ಹಾಗೇ ಸವರಿದಳು. ನನಗೆ ಕಣ್ಣು ತುಂಬಿ ಬಂತು, ಮುಚ್ಚಿಡಲು ಹೋಗಲಿಲ್ಲ.

ಡಾಕ್ಟರು ಸಾರ್ ಕೈ ತೊಳೆದು ಬರುವಷ್ಟರಲ್ಲಿ ನಾನು ಮ್ಯಾಕ್ರೋ ತೆರೆದು, ಕುರಿಯ ಸಂಖ್ಯೆ ಎಂದು ಬರೆದಿದ್ದ ಕಡೆ ಅದಕ್ಕೆ ಒಂದು ಕೂಡಿಸಿದೆ. ಉಳಿದ ಮಾಲೀಕರ ಮೂಲ ಪಟ್ಟಿಯ ಮೇಲೆ ಮತ್ತೆ ಓಡಿಸಿದೆ. ಎಲ್ಲರಿಗೂ ಒಂದೊಂದು ಸಾಲು ಜಾಸ್ತಿ ಯಾಕಮ್ಮ ಎಂದು ಅವರು ಕೇಳಿದರು. ಇರಲಿ ಸಾರ್ ಎಂದೆ. ಈ ಸಲ ಅವರು ಬೇಡ ಅನ್ನಲಿಲ್ಲ.

ಸಂಜೆಯವರೆಗೆ ರೊಪ್ಪದಿಂದ ರೊಪ್ಪಕ್ಕೆ ಹೋದೆವು. ನಾನು ಯಾರನ್ನೂ ಏನೂ ಕೇಳಲಿಲ್ಲ, ಅವರೂ ಏನೂ ಹೇಳಲಿಲ್ಲ. ಕೊನೆಯ ಮಂದೆ ಮುಗಿಸಿ ಪಟ್ಟಿ ನೋಡಿದರೆ ಇಡೀ ಕಂಬದೂರಿನಲ್ಲಿ ಖಾಲಿ ಉಳಿದದ್ದು ಒಂದೇ ಒಂದು ಸಾಲು. ಪಾಪ, ಆ ಮಾಲೀಕರೊಬ್ಬರು ಮಾತ್ರ ನಿಜ ಹೇಳಿದ್ದರು.